ಗ್ಲೂಕೋಸ್ ಬಾಟಲಿಯಲ್ಲಿ ಶಕ್ತಿ ಇರುವುದಿಲ್ಲ

ಪ್ರಶ್ನೆ: ಮುಳಬಾಗಿಲು ಹತ್ತಿರ ನಮ್ಮೂರು. ಅಮ್ಮನಿಗೆ 58 ವರ್ಷ, ಶುಗರ್ ಇದೆ, ಸದಾ ಸುಸ್ತು. ತಿಂಗಳಿಗೊಮ್ಮೆ ಗ್ಲೂಕೋಸ್ ಹಾಕಿಸುತ್ತೇವೆ. ಎರಡು ದಿನ ಲವಲವಿಕೆಯಿಂದ ಇರುತ್ತಾರೆ. ಹದಿನೈದು ದಿನಕ್ಕೊಮ್ಮೆ ಹಾಕಿಸಬಹುದೇ?

ಬೇಡ. ತಿಂಗಳಿಗೊಮ್ಮೆ ಹಾಕಿಸುವುದನ್ನೂ ನಿಲ್ಲಿಸಿ. ಕೋಲಾರ ಜಿಲ್ಲೆಯಲ್ಲಿ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಶುಗರ್ ಇರುವವರಿಗೂ ಸುಸ್ತು ಅಂದ ಕೂಡಲೇ ಬಾಟಲಿ ನೇತುಹಾಕುವವರನ್ನು ಕಂಡರೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಲೆಕ್ಕ ನೋಡಿ. ಅರ್ಧ ಲೀಟರಿನ 5 ಪರ್ಸೆಂಟ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್, ಅಂದರೆ ಸುಮಾರು 85 ಕ್ಯಾಲೊರಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 320ರ ಆಸುಪಾಸು ಇದೆ. ಬರೀ ಉಪ್ಪು ನೀರಿನ ಬಾಟಲಿಯಾದರೆ ಸೊನ್ನೆ.

ಇನ್ನೊಂದು ವಿಷಯ, ರಕ್ತದಲ್ಲಿರುವ ಸಕ್ಕರೆ ಇನ್ನೂ ಶಕ್ತಿಯಲ್ಲ. ಅದು ಅಂಗಳಕ್ಕೆ ತಂದು ಹಾಕಿದ ಸೌದೆ, ಒಲೆಗೆ ಹೋದರೆ ತಾನೆ ಅಡುಗೆ? ಜೀವಕೋಶದ ಒಳಗೆ ಗ್ಲೂಕೋಸ್ ಮೊದಲು ಎರಡು ತುಂಡಾಗುತ್ತದೆ, ಆಗ ಸಿಗುವುದು ಎರಡೇ ಎಟಿಪಿ (ಜೀವಕೋಶ ತನ್ನ ಕೆಲಸಕ್ಕೆ ನೇರವಾಗಿ ಖರ್ಚು ಮಾಡುವ ಶಕ್ತಿಯ ಕಣ). ಉಳಿದ ಸುಮಾರು 28 ಸಿಗುವುದು ಜೀವಕೋಶದೊಳಗಿನ ಒಲೆಯಾದ ಮೈಟೋಕಾಂಡ್ರಿಯಾದಲ್ಲಿ, ಅದೂ ಆಮ್ಲಜನಕ ಇದ್ದರೆ ಮಾತ್ರ. ಅಲ್ಲಿ ನಡೆಯುವುದು ನಮ್ಮ ಕೆರೆಗಳ ಕೆಲಸದಂತೆಯೇ ಇದೆ. ಮೈಟೋಕಾಂಡ್ರಿಯಾ ಆಹಾರದಿಂದ ಬಂದ ಶಕ್ತಿಯಿಂದ ಪ್ರೋಟಾನುಗಳೆಂಬ ಪುಟ್ಟ ಕಣಗಳನ್ನು ಒಂದು ಪೊರೆಯ ಆಚೆಗೆ ತಳ್ಳಿ, ಏರಿಯ ಹಿಂದೆ ನೀರು ನಿಲ್ಲಿಸಿದ ಹಾಗೆ ನಿಲ್ಲಿಸುತ್ತದೆ, ಆಮೇಲೆ ಅವು ತೂಬಿನಂಥ ಒಂದು ಪ್ರೋಟೀನಿನ ಮೂಲಕ ಇಳಿದು ಬರುವಾಗ ಆ ಪ್ರೋಟೀನು ಬೀಸುವ ಕಲ್ಲಿನ ಹಾಗೆ ನಿಜವಾಗಿಯೂ ಗಿರ್ರನೆ ತಿರುಗುತ್ತದೆ, ತಿರುಗುತ್ತಾ ಎಟಿಪಿ ಕಟ್ಟುತ್ತದೆ. ಇದನ್ನು ಓದಿದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಎಟಿಪಿಯನ್ನು ಕೂಡಿಡಲು ಆಗುವುದಿಲ್ಲ, ಅದು ಕೈಖರ್ಚಿನ ಚಿಲ್ಲರೆ. ಕೂಡಿಡುವುದು ಗ್ಲೈಕೋಜನ್ (ಗ್ಲೂಕೋಸನ್ನು ಸರಪಳಿಯಂತೆ ಪೋಣಿಸಿದ್ದು) ರೂಪದಲ್ಲಿ, ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400. ಮಿಕ್ಕಿದ್ದೆಲ್ಲ ಕೊಬ್ಬು.

ನಿಮ್ಮ ಅಮ್ಮನ ಅಂಗಳದಲ್ಲಿ ಸೌದೆ ಈಗಾಗಲೇ ರಾಶಿ ಬಿದ್ದಿದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಸ್ನಾಯುಗಳ ಬಾಗಿಲು ತೆರೆಯುತ್ತಿಲ್ಲ, ನೀವು ಹೊರಗೆ ಇನ್ನಷ್ಟು ಸೌದೆ ಸುರಿಯುತ್ತಿದ್ದೀರಿ. ಎರಡು ದಿನ ಚೆನ್ನಾಗಿರುವುದು ಯಾಕೆ? ಶುಗರ್ ಜಾಸ್ತಿ ಇದ್ದಾಗ ಮೂತ್ರದಲ್ಲಿ ನೀರು ಸೋರಿಹೋಗುತ್ತದೆ, ಬಾಟಲಿಯಿಂದ ನೀರು ಸಿಕ್ಕಿತು. ಎರಡು ಗಂಟೆ ಮಲಗಿದ್ದರು, ಅದೂ ಸಿಕ್ಕಿತು. ಬಾಟಲಿ ಹಳದಿಯಾಗಿದ್ದರೆ ಅದು ಬಿ ವಿಟಮಿನ್ನಿನ ಬಣ್ಣ, ಬಲದ ಬಣ್ಣವಲ್ಲ. ಹೃದಯ, ಕಿಡ್ನಿ ದುರ್ಬಲ ಇದ್ದವರಿಗೆ ಇದೇ ನೀರು ಶ್ವಾಸಕೋಶಕ್ಕೆ ತುಂಬಿಕೊಳ್ಳಬಹುದು, ಅದಕ್ಕೇ ನಾನು ಇಷ್ಟು ಹೆದರುವುದು.

ಬಾಟಲಿಯ ದುಡ್ಡಿನಲ್ಲಿ ಹಿಮೋಗ್ಲೋಬಿನ್, ಮೂರು ತಿಂಗಳ ಸರಾಸರಿ ಶುಗರ್ (HbA1c), ಥೈರಾಯ್ಡ್, ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ರಕ್ತ (ಹಿಮೋಗ್ಲೋಬಿನ್) ಕಡಿಮೆ ಇದ್ದರೆ ಆಮ್ಲಜನಕ ಸಾಲದು, ಒಲೆಗೆ ಗಾಳಿಯೇ ಇಲ್ಲ ಅಂತ ಅರ್ಥ. ತುಂಬಾ ವರ್ಷದಿಂದ ಶುಗರಿನ ಮಾತ್ರೆಯಾದ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಬಿ12 ಕೂಡ ನೋಡಿಸಿ, ಆ ಮಾತ್ರೆ ಅದನ್ನು ತಗ್ಗಿಸಬಹುದು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಪ್ರಶ್ನೆ: ಎಟಿಪಿ ಇರುವ ಪುಡಿ ಮಾರುತ್ತಿದ್ದಾರೆ, ಕುಡಿಯಬಹುದೇ?

ದುಡ್ಡು ದಂಡ. ಹೊಟ್ಟೆ, ಕರುಳಿನಲ್ಲೇ ಅದು ಒಡೆದುಹೋಗುತ್ತದೆ, ಪ್ರತಿ ಜೀವಕೋಶವೂ ತನ್ನ ಎಟಿಪಿಯನ್ನು ತಾನೇ ಮಾಡಿಕೊಳ್ಳಬೇಕು.

ಪ್ರಶ್ನೆ: ಅರಳಿಮರ ರಾತ್ರಿಯೂ ಆಮ್ಲಜನಕ ಬಿಡುತ್ತದಂತೆ, ನಿಜವೇ?

ಸುಳ್ಳು. ಬೆಳಕಿಲ್ಲದೆ ಯಾವ ಎಲೆಯೂ ಆಮ್ಲಜನಕ ಬಿಡುವುದಿಲ್ಲ.

ಪ್ರಶ್ನೆ: ತೋಟದಲ್ಲಿ ಗುದ್ದಲಿ ಹಿಡಿದರೆ ಮಾರನೇ ದಿನ ಮೈಕೈ ನೋವು. ದುಡಿಯುವಾಗ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಮ್ಲ ಉಳಿದಿರುತ್ತದಾ?

ಇಲ್ಲ, ಅದು ಒಂದೆರಡು ಗಂಟೆಯಲ್ಲೇ ಖಾಲಿ. ಲಿವರ್ ಅದನ್ನು ಮತ್ತೆ ಗ್ಲೂಕೋಸ್ ಮಾಡುತ್ತದೆ, ಹೃದಯ ಅದನ್ನೇ ಉರಿಸುತ್ತದೆ. ಮಾರನೇ ದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣಪುಟ್ಟ ಗಾಯದ್ದು. ಎರಡು ಮೂರು ದಿನ ಹಗುರವಾಗಿ ಓಡಾಡಿಕೊಂಡಿರಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.