ಈರುಳ್ಳಿ ಪೊರೆಯ ಕೋಶಗಳಲ್ಲಿ ಕ್ಲೋರೋಪ್ಲಾಸ್ಟ್ ಯಾಕೆ ಕಾಣಲಿಲ್ಲ?

ಈರುಳ್ಳಿ ಪೊರೆಗೆ ಅಯೋಡಿನ್ ಹಾಕಿ ನೋಡಿದೆ, ಕೋಶಭಿತ್ತಿ ಮತ್ತು ಕೋಶಕೇಂದ್ರ ಕಂಡವು, ಹಸಿರು ಕ್ಲೋರೋಪ್ಲಾಸ್ಟ್ ಒಂದೂ ಇಲ್ಲ, ಸ್ಲೈಡ್ ತಪ್ಪಾಯಿತೇ ಎಂದು ಕೇಳಿದ್ದೀರಿ. ತಪ್ಪಾಗಿಲ್ಲ. ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕಣವಾದ ಕ್ಲೋರೋಪ್ಲಾಸ್ಟ್ ಅಲ್ಲಿ ಇಲ್ಲವೇ ಇಲ್ಲ.

ಜೀವಶಾಸ್ತ್ರ ಪಾಠ ಮಾಡುವ ನನಗೆ ಈ ಪ್ರಶ್ನೆ ತುಂಬಾ ಇಷ್ಟ. ಪುಸ್ತಕದ ಚಿತ್ರಕ್ಕಿಂತ ಕಣ್ಣಿಗೆ ಕಂಡದ್ದನ್ನು ನಂಬಿದವರು ಮಾತ್ರ ಇದನ್ನು ಕೇಳುತ್ತಾರೆ. ಆ ಚಿತ್ರ ಯಾವುದೋ ಒಂದು ಕೋಶದ್ದಲ್ಲ. ಸಸ್ಯಕೋಶಗಳಲ್ಲಿ ಏನೇನು ಇರಬಹುದೋ ಅದೆಲ್ಲವನ್ನೂ ಒಂದೇ ಕಡೆ ಬರೆದು ತೋರಿಸಿದ್ದಾರೆ, ಅಷ್ಟೆ. ನಿಜವಾದ ಗಿಡದಲ್ಲಿ ಕೋಶದ ಕೆಲಸ ಬದಲಾದಂತೆ ಒಳಗಿರುವುದೂ ಬದಲಾಗುತ್ತದೆ. ನೀರು ಸಾಗಿಸುವ ಕ್ಸೈಲಂ ನಾಳದ ಕೋಶಗಳು ಸತ್ತು, ಒಳಗೆ ಟೊಳ್ಳಾದ ಮೇಲೆಯೇ ಕೆಲಸಕ್ಕೆ ಬರುತ್ತವೆ. ಸಕ್ಕರೆ ಸಾಗಿಸುವ ಫ್ಲೋಯಂನ ಜರಡಿ ನಾಳದಲ್ಲಿ ಕೋಶ ಬದುಕಿರುತ್ತದೆ, ಆದರೆ ಕೋಶಕೇಂದ್ರ ಇರುವುದಿಲ್ಲ. ಪಕ್ಕದ ಸಂಗಾತಿ ಕೋಶ ಅದನ್ನು ನೋಡಿಕೊಳ್ಳುತ್ತದೆ.

ಈರುಳ್ಳಿ ಗಡ್ಡೆಯ ಪದರಗಳು ದಪ್ಪಗಾದ ಎಲೆಬುಡಗಳು. ಒಳಪದರಗಳಿಗೆ ಬೆಳಕು ತಾಗುವುದೇ ಇಲ್ಲ. ಮೇಲಿನ ಹಸಿರು ಎಲೆ ತಯಾರಿಸಿದ ಆಹಾರವನ್ನು ಕೂಡಿಡುವುದಷ್ಟೇ ಅವುಗಳ ಕೆಲಸ. ಆಲೂಗಡ್ಡೆಯೂ ಹೀಗೆಯೇ, ಅದರ ಕೋಶಗಳಲ್ಲಿ ಪಿಷ್ಟ ತುಂಬಿದ, ಕ್ಲೋರೋಪ್ಲಾಸ್ಟ್ ಜಾತಿಯದೇ ಆದ, ಬಣ್ಣವಿಲ್ಲದ ಪ್ಲಾಸ್ಟಿಡ್‌ಗಳಿರುತ್ತವೆ. ಬಿಸಿಲಿಗೆ ಬಿದ್ದ ಆಲೂಗಡ್ಡೆ ಹಸಿರಾಗುತ್ತದೆ ಅಲ್ವಾ? ಆ ಪ್ಲಾಸ್ಟಿಡ್‌ಗಳೇ ಕ್ಲೋರೋಪ್ಲಾಸ್ಟ್ ಆಗಿ ಬದಲಾಗಿರುತ್ತವೆ. ಟೊಮ್ಯಾಟೊ ಹಣ್ಣಾಗುವಾಗ ಇದರ ಮುಂದಿನ ಹಂತ ಕಾಣುತ್ತದೆ. ಕಾಯಿಯ ಕ್ಲೋರೋಪ್ಲಾಸ್ಟ್‌ಗಳು ಕೆಂಪು ಬಣ್ಣದ ಕ್ರೋಮೋಪ್ಲಾಸ್ಟ್ ಆಗುತ್ತವೆ.

ನಿಮ್ಮ ಸ್ಲೈಡ್ ಇನ್ನೊಮ್ಮೆ ನೋಡಿ. ಕೋಶಕೇಂದ್ರ ಹೆಚ್ಚಿನ ಕೋಶಗಳಲ್ಲಿ ಒಂದು ಬದಿಗೆ ಒತ್ತಿಕೊಂಡಿರುತ್ತದೆ. ನಡುವೆ ಖಾಲಿ ಎನ್ನಿಸುವ ಜಾಗ ಖಾಲಿಯಲ್ಲ, ಅದು ರಸದಾನಿ (ವ್ಯಾಕ್ಯೂಲ್), ನೀರು ತುಂಬಿದ ಚೀಲ. ಬಲಿತ ಕೋಶದಲ್ಲಿ ಅದು ಶೇ. 80ಕ್ಕೂ ಜಾಸ್ತಿ ಜಾಗ ಹಿಡಿಯಬಹುದು. ಒಳಗಿನ ನೀರು ಕೋಶಭಿತ್ತಿಯನ್ನು ಒತ್ತುವುದರಿಂದಲೇ ಎಳೆ ಗಿಡ ನೆಟ್ಟಗೆ ನಿಲ್ಲುತ್ತದೆ. ನೀರು ಕಡಿಮೆಯಾದರೆ ಬಾಡುತ್ತದೆ.

ಕ್ಲೋರೋಪ್ಲಾಸ್ಟ್ ಇದ್ದ ಮೇಲೆ ಮೈಟೋಕಾಂಡ್ರಿಯಾ ಯಾಕೆ ಬೇಕು ಎಂದೂ ಕೇಳಿದ್ದೀರಿ. ಕ್ಲೋರೋಪ್ಲಾಸ್ಟ್ ಬೆಳಕಿನಿಂದ ತಯಾರಿಸುವ ಎಟಿಪಿ (ಕೋಶ ಶಕ್ತಿಗಾಗಿ ಬಳಸುವ ಅಣು) ಬಹುಪಾಲು ಅಲ್ಲೇ, ಸಕ್ಕರೆ ಕಟ್ಟಲು ಖರ್ಚಾಗುತ್ತದೆ. ರಾತ್ರಿ ಅದೂ ಇಲ್ಲ. ಬೇರಿನ ಕೋಶಗಳಿಗೆ ಹಗಲಲ್ಲೂ ಬೆಳಕಿಲ್ಲ. ಸಕ್ಕರೆಯನ್ನು ಒಡೆದು ಕೋಶಕ್ಕೆ ಶಕ್ತಿ ಕೊಡಲು ಮೈಟೋಕಾಂಡ್ರಿಯಾ ಬೇಕೇ ಬೇಕು. ನಿಮ್ಮ ಈರುಳ್ಳಿ ಕೋಶದಲ್ಲೂ ಅವು ಇವೆ. ಅಗಲ ಹೆಚ್ಚೆಂದರೆ 1 ಮೈಕ್ರೋಮೀಟರ್‌ನಷ್ಟು, ಬಣ್ಣವೂ ಇಲ್ಲ, ಹಾಗಾಗಿ ಕಾಣಲಿಲ್ಲ.

ಕ್ಲೋರೋಪ್ಲಾಸ್ಟ್ ನೋಡಲೇಬೇಕು ಎಂದಿದ್ದರೆ ನೀರಲ್ಲಿ ಬೆಳೆಯುವ ಹೈಡ್ರಿಲ್ಲಾ ಗಿಡದ ಒಂದು ಎಳೆ ಎಲೆ ತನ್ನಿ. ಎರಡೇ ಪದರ ಕೋಶಗಳಿರುವ ಎಲೆ ಅದು, ಕತ್ತರಿಸುವುದೂ ಬೇಡ. ಅಯೋಡಿನ್ ಹಾಕಬೇಡಿ, ಕೋಶ ಸಾಯುತ್ತದೆ. ಒಂದು ಹನಿ ನೀರಲ್ಲಿಟ್ಟು, ದೀಪದ ಬೆಳಕಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಹಸಿರು ಕ್ಲೋರೋಪ್ಲಾಸ್ಟ್‌ಗಳು ಕೋಶಭಿತ್ತಿಯ ಅಂಚಿನಲ್ಲೇ ಸಾಲಾಗಿ ಸುತ್ತುವುದನ್ನೂ ನೋಡಬಹುದು.