ಕೊಡಗಿನ ಮಳೆಗೆ ಯಾವ ಕ್ಯಾಮೆರಾ ಬ್ಯಾಗ್? ಮೊದಲು ಒಳಗಿನ ಫೋಮ್ ಹೊರಗೆ ಬರುತ್ತಾ ನೋಡಿ

ಮಡಿಕೇರಿಗೆ ವರ್ಗವಾಗಿ ಬಂದಿದ್ದೀರಿ. ಮಿರರ್‌ಲೆಸ್ ಕ್ಯಾಮೆರಾ, ಎರಡು ಲೆನ್ಸ್ ಇದೆ. ಮಳೆಗಾಲ ಶುರುವಾಗುವ ಮೊದಲು ಐದಾರು ಸಾವಿರದಲ್ಲಿ ಪೂರ್ತಿ ವಾಟರ್‌ಪ್ರೂಫ್ ಬ್ಯಾಗ್ ಬೇಕು, ಬ್ಯಾಕ್‌ಪ್ಯಾಕಾ ಒಂದೇ ಹೆಗಲಿಗೆ ಹಾಕುವ ಸ್ಲಿಂಗಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಅಂಗಡಿ ಅಂಗಡಿ ಸುತ್ತಿದ್ದೆ. ಕೊನೆಗೆ ಒಂದು ಬ್ಯಾಗ್ ತಂದೆ. ನನ್ನ ಹತ್ತಿರ ಇದ್ದ ಅತಿ ಒಳ್ಳೆಯ ಲೆನ್ಸ್ ಆ ಬ್ಯಾಗಿನೊಳಗೇ ಹಾಳಾಯಿತು.

ನಮ್ಮ ಮನೆ ಭಾಗಮಂಡಲದ ಕಡೆ. ಕಾಫಿ, ಕಾಳುಮೆಣಸು. ಫೋಟೋ ಹುಚ್ಚು ಮೊದಲಿಂದ ಇತ್ತು, ಆಮೇಲೆ ಮದುವೆಗೂ ಹೋಂಸ್ಟೇಗಳಿಗೂ ಕರೆ ಬರತೊಡಗಿತು. ಆಗ ನಿಕಾನ್ ಡಿ7200 ಕ್ಯಾಮೆರಾ ಬಾಡಿ ಇತ್ತು. ಹಕ್ಕಿಗಳಿಗೆ ಅಂತ ಸಾಲ ಮಾಡಿ ದೂರದ್ದನ್ನು ಹತ್ತಿರ ತೋರಿಸುವ ನಿಕಾನ್ 200-500 ಲೆನ್ಸ್ ತಗೊಂಡೆ. ಅದೊಂದೇ 2.3 ಕೆಜಿ. ಬಾಡಿ ಸೇರಿದರೆ ಮೂರು ಕೆಜಿ ದಾಟುತ್ತದೆ. ಹಾಗಾಗಿ ಬ್ಯಾಗೂ ದೊಡ್ಡದೇ ಬೇಕಾಯಿತು. ದಪ್ಪ ಫೋಮ್, ಒಳಗೆ ಸುತ್ತಲೂ ಹೊಲಿದೇ ಬಿಟ್ಟ ಮೆತ್ತೆ, ತಳದ ಜೇಬಿನಲ್ಲಿ ಮಡಿಸಿಟ್ಟ ಮಳೆ ಕವರ್. ಅಂಗಡಿಯವರು ಕವರ್ ಎಳೆದು ಹಾಕಿ ತೋರಿಸಿದರು. "ಇನ್ನು ಎಂಥ ಮಳೆ ಬಂದರೂ ಚಿಂತೆ ಇಲ್ಲ" ಅಂದರು. ನಾನು ನಂಬಿದೆ.

ಆ ವರ್ಷ ಜುಲೈಯಲ್ಲಿ ಕಾವೇರಿ, ಕನ್ನಿಕೆ ಎರಡೂ ಉಕ್ಕಿ ಭಾಗಮಂಡಲದ ತ್ರಿವೇಣಿ ಸಂಗಮ ಮುಳುಗಿತ್ತು. ನಾಪೋಕ್ಲು ರಸ್ತೆಯ ಮೇಲೂ ನೀರು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಜರ್ಕಿನ್, ಗಂಬೂಟು ಹಾಕಿಕೊಂಡು ಅಲ್ಲೇ ಫೋಟೋ ತೆಗೆದೆ. ಬ್ಯಾಗ್ ಬೆನ್ನಲ್ಲಿತ್ತು, ಕವರ್ ಹಾಕಿತ್ತು. ನೀರು ಕಣ್ಣೆದುರೇ ಇದ್ದದ್ದರಿಂದ ಚಿಕ್ಕ ಲೆನ್ಸೇ ಸಾಕಾಯಿತು. 200-500 ಅನ್ನು ಹೊರಗೆ ತೆಗೆಯಲೇ ಇಲ್ಲ. ಅದು ತಳದಲ್ಲಿ ಬೆಚ್ಚಗೆ ಮಲಗಿತ್ತು, ಅಂದರೆ ನಾನು ಹಾಗೆ ತಿಳಿದಿದ್ದೆ.

ಮನೆಗೆ ಬಂದು ಕವರ್ ಕಿತ್ತು ಜಗಲಿಯಲ್ಲಿ ಒಣಹಾಕಿದೆ. ಬ್ಯಾಗಿನ ಮೇಲ್ಭಾಗ ಮುಟ್ಟಿ ನೋಡಿದೆ, ಒಣಗಿಯೇ ಇತ್ತು. ಬಾಡಿ, ಚಿಕ್ಕ ಲೆನ್ಸ್, ಕಾರ್ಡ್ ತೆಗೆದುಕೊಂಡೆ. ದೊಡ್ಡ ಲೆನ್ಸನ್ನು ಅಲ್ಲೇ ಬಿಟ್ಟು ಜಿಪ್ ಎಳೆದು ಬೀರು ಮೇಲೆ ಇಟ್ಟೆ. ನನ್ನ ತಪ್ಪು ಇಷ್ಟೇ. ಮಳೆಯಲ್ಲಿ ಹೋದದ್ದು ತಪ್ಪಲ್ಲ, ಅಗ್ಗದ ಬ್ಯಾಗ್ ತಗೊಂಡದ್ದೂ ಅಲ್ಲ. ಅದೇನೂ ಅಗ್ಗದ್ದಾಗಿರಲಿಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಳೆ ಕವರ್ ಇದ್ದರೆ ಸಾಕು ಅಂದುಕೊಂಡ ಯಾರಿಗೂ ಇದು ಹೊಳೆಯುವುದಿಲ್ಲ.

ಕವರ್ ಬ್ಯಾಗಿನ ಮುಂಭಾಗ, ಮೇಲ್ಭಾಗ, ಎರಡು ಪಕ್ಕ, ತಳ ಇಷ್ಟನ್ನು ಮುಚ್ಚುತ್ತದೆ. ಬೆನ್ನಿನ ಕಡೆ ಮುಚ್ಚುವುದಿಲ್ಲ. ಅಲ್ಲಿ ಪಟ್ಟಿಗಳಿವೆ, ಹೆಗಲಿಗೆ ಹಾಕಬೇಕಲ್ವಾ? ನಮ್ಮ ಮಳೆಯಲ್ಲಿ ಗಂಟೆಗಟ್ಟಲೆ ನಿಂತರೆ ಜರ್ಕಿನ್ನಿನ ಟೋಪಿಯಿಂದ ನೀರು ಕತ್ತಿನ ಹಿಂದೆ ಇಳಿಯುತ್ತದೆ. ಬೆನ್ನಿಗೂ ಬ್ಯಾಗಿಗೂ ನಡುವೆ ಹರಿಯುತ್ತದೆ. ಹೆಗಲ ಪಟ್ಟಿ ನೀರು ಹೀರುತ್ತದೆ. ಬೆನ್ನಿನ ಬಲೆ ಬಟ್ಟೆ ಹೀರುತ್ತದೆ. ಅದರ ಜೊತೆ ಬೆವರು ಬೇರೆ. ಎಲ್ಲಾ ಸೇರಿ ಕೆಳಗಿಳಿದು ಕವರಿನ ತಳಕ್ಕೆ ಬರುತ್ತದೆ. ಕವರಿಗೆ ಎಲಾಸ್ಟಿಕ್ ಬಿಗಿಯಾಗಿ ಇರುತ್ತದೆ, ಬಂದ ನೀರು ಹೊರಗೆ ಹೋಗುವುದಿಲ್ಲ. ತಳದಲ್ಲಿ ಕವರ್ ಬೋಗುಣಿಯ ಹಾಗೆ ನೀರು ಹಿಡಿದುಕೊಳ್ಳುತ್ತದೆ. ಬ್ಯಾಗು ಅರ್ಧ ದಿನ ಆ ನೀರಿನಲ್ಲಿ ಕೂತಿರುತ್ತದೆ. ಕೆಲವು ಕವರುಗಳ ತಳದಲ್ಲಿ ನೀರು ಬಸಿಯಲು ಸಣ್ಣ ತೂತು ಇರುತ್ತದೆ. ನನ್ನದರಲ್ಲಿ ಇರಲಿಲ್ಲ.

ನೈಲಾನ್ ಬಟ್ಟೆಗೆ ಒಳಗಡೆ ಲೇಪ ಇದೆ, ಅದು ನೀರು ಬಿಡುವುದಿಲ್ಲ, ಸರಿ. ಹೊಲಿಗೆ? ಸೂಜಿ ಹೋದಲ್ಲೆಲ್ಲ ತೂತು. ಅಲ್ಲಿಂದ ನೀರು ನಿಧಾನವಾಗಿ ಫೋಮಿಗೆ ಇಳಿಯಿತು. ಭಾರದ ಸಾಮಾನು ತಳಕ್ಕೆ ಹಾಕಬೇಕು ಅಂತ ಎಲ್ಲರೂ ಹೇಳುತ್ತಾರೆ, ಹಾಗೇ ಹಾಕಿದ್ದೆ. ಬ್ಯಾಗಿನಲ್ಲಿ ಎಲ್ಲಕ್ಕಿಂತ ಒದ್ದೆಯಾದ ಜಾಗದಲ್ಲಿ ಎಲ್ಲಕ್ಕಿಂತ ಬೆಲೆಯ ಲೆನ್ಸ್ ಇತ್ತು. ಫೋಮಿನ ಮೇಲೆ ಬಟ್ಟೆಯ ಹೊದಿಕೆ ಇರುವುದರಿಂದ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಸ್ವಲ್ಪ ತಣ್ಣಗೆ ಅನ್ನಿಸುತ್ತದೆ ಅಷ್ಟೇ. ಮಳೆಗಾಲದಲ್ಲಿ ನಮ್ಮಲ್ಲಿ ತಣ್ಣಗಿಲ್ಲದ ವಸ್ತು ಯಾವುದಿದೆ ಹೇಳಿ?

ಆಮೇಲೆ ಜಿಪ್ ಎಳೆದೆ. ಫೋಮಿನ ನೀರು ಆವಿಯಾಗಿ ಅಲ್ಲೇ ಸುತ್ತಿತು, ಹೊರಗೆ ಹೋಗಲು ದಾರಿಯಿಲ್ಲ. ಫಂಗಸ್, ಅಂದರೆ ಬೂಷ್ಟಿನ ಬೀಜ ಗಾಳಿಯಲ್ಲಿ ಎಲ್ಲ ಕಡೆ ಇರುತ್ತದೆ, ಹೊಸ ಲೆನ್ಸಿನ ಮೇಲೂ ಕೂತಿರುತ್ತದೆ. ಅದಕ್ಕೆ ಕತ್ತಲೆ, ಅಲುಗಾಡದ ಗಾಳಿ, ಶೇ 65-70ಕ್ಕಿಂತ ಮೇಲಿನ ತೇವ ಸಿಕ್ಕಿದರೆ ಸಾಕು. ನಾನು ಮೂರನ್ನೂ ಕೊಟ್ಟೆ. ಮಳೆಯ ಒಂದು ಹನಿಯನ್ನೂ ಕಾಣದ ಲೆನ್ಸ್ ಅದು.

ಜಿಪ್ ತೆರೆದಿಟ್ಟಿದ್ದರೆ ಉಳಿಯುತ್ತಿತ್ತಾ? ಇಲ್ಲ. ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಮನೆಯೊಳಗಿನ ಗಾಳಿಯೇ ಶೇ 90ರ ಆಚೆ ಈಚೆ ಇರುತ್ತದೆ. ಅಂಥ ಗಾಳಿಯಲ್ಲಿ ಯಾವುದೂ ತಾನಾಗಿ ಒಣಗುವುದಿಲ್ಲ. ಚಪ್ಪಲಿ, ಬೆಲ್ಟು, ಕಪಾಟಿನ ಬಟ್ಟೆ ಎಲ್ಲಕ್ಕೂ ಬೂಷ್ಟು ಹಿಡಿಯುವುದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ಶಾಖ ಬೇಕು. ಹಿಂದಿನವರು ಅಗ್ಗಿಷ್ಟಿಕೆಯ ಮೇಲೆ ಬುಟ್ಟಿ ಕವುಚಿ ಬಟ್ಟೆ ಒಣಗಿಸುತ್ತಿದ್ದದ್ದು ಸುಮ್ನೆ ಅಲ್ಲ.

ಅಲ್ಲಿಂದಾಚೆ ತೋಟದ ಕೆಲಸ. ಮಳೆ ಸ್ವಲ್ಪ ಬಿಟ್ಟಾಗ ಮೆಣಸಿನ ಬಳ್ಳಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಬೇಕು, ಬಿದ್ದ ಮರ ತೆಗೆಸಬೇಕು. ವಾರಗಟ್ಟಲೆ ಕರೆಂಟಿಲ್ಲ. ಆಟಿ ಹದಿನೆಂಟು ಬಂತು, ಮದ್ದು ಸೊಪ್ಪಿನ ಪಾಯಸ ತಿಂದೆವು. ಬ್ಯಾಗ್ ಬೀರು ಮೇಲೇ ಇತ್ತು. ಸೆಪ್ಟೆಂಬರಿನಲ್ಲಿ ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿ ಜೊತೆ ಕ್ಯಾಮೆರಾವನ್ನೂ ಪೂಜೆಗೆ ಇಡೋಣ ಅಂತ ಇಳಿಸಿ ಜಿಪ್ ತೆಗೆದೆ. ಹಳೇ ಉಗ್ರಾಣದ ವಾಸನೆ ಬಂತು. ಮುಂದಿನ ಗಾಜು ಚೆನ್ನಾಗಿಯೇ ಕಂಡಿತು. ಹಿಂದಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಓರೆಯಾಗಿ ನೋಡಿದೆ. ಒಳಗಿನ ಗಾಜಿನ ಅಂಚಿನಿಂದ ಸಣ್ಣ ಬಿಳಿ ಎಳೆಗಳು ಹೊರಟು, ಕವಲೊಡೆದು, ನಡುವಿನವರೆಗೆ ಬಂದಿದ್ದವು.

ಬೆಂಗಳೂರಿನಲ್ಲಿ ಒಬ್ಬರು ರಿಪೇರಿಯವರು ಬಿಚ್ಚಿ ತೊಳೆದು ಕೊಟ್ಟರು. ಎಳೆಗಳು ಹೋದವು, ಗುರುತು ಹೋಗಲಿಲ್ಲ. ಫಂಗಸ್ ಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿಂದುಬಿಡುತ್ತದೆ, ಅದನ್ನು ಮಾಮೂಲಿ ರಿಪೇರಿಯಲ್ಲಿ ಮತ್ತೆ ಹಾಕಲು ಆಗುವುದಿಲ್ಲ. ಬೆಳಕಿಗೆ ಎದುರಾಗಿ ತೆಗೆದರೆ ಫೋಟೋ ಪೂರ್ತಿ ಮಸುಕು. ಇದ್ದದ್ದು ಇದ್ದ ಹಾಗೆ ಹೇಳಿ ಅರ್ಧಕ್ಕೂ ಕಡಿಮೆ ಬೆಲೆಗೆ ಮಾರಿದೆ. ಸಾಲದ ಕಂತು ಇನ್ನೂ ಇತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪೂರ್ತಿ ವಾಟರ್‌ಪ್ರೂಫ್ ಬ್ಯಾಗ್ ಹುಡುಕಬೇಡಿ. ನಿಜವಾಗಿ ನೀರು ತಡೆಯುವುದು ಮುಖ್ಯವಾಗಿ ಎರಡು. ಒಂದು, ಬಾಯಿ ಸುರುಳಿ ಸುತ್ತಿ ಕ್ಲಿಪ್ ಹಾಕುವ ಡ್ರೈ ಬ್ಯಾಗ್. ಇನ್ನೊಂದು, ಮುಚ್ಚಳಕ್ಕೆ ರಬ್ಬರ್ ರಿಂಗ್ ಇರುವ ಪೆಲಿಕನ್ ಥರದ ಗಟ್ಟಿ ಪೆಟ್ಟಿಗೆ. ಮಾಮೂಲಿ ಜಿಪ್, ಹೊಲಿಗೆ ಇರುವ ಬೇರೆ ಎಲ್ಲವೂ ಸ್ವಲ್ಪ ಹೊತ್ತು ತಡೆಯುತ್ತವೆ ಅಷ್ಟೇ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಆಗಸ್ಟ್ ಒಳಗೆ. ನಮ್ಮ ಭಾಗಮಂಡಲದ ಕಡೆ ಇನ್ನೂ ಎಷ್ಟೋ ಜಾಸ್ತಿ. ಇಲ್ಲಿ ನೀರು ಒಳಗೆ ಹೋಗಿಯೇ ಹೋಗುತ್ತದೆ. ಹೋದ ನೀರನ್ನು ಅದೇ ರಾತ್ರಿ ಹೊರಗೆ ತೆಗೆಯಲು ಆಗುತ್ತಾ? ಬ್ಯಾಗ್ ಆರಿಸುವಾಗ ನಾನು ನೋಡುವುದು ಇದನ್ನೇ.

ಅಂಗಡಿಯಲ್ಲಿ ಜಿಪ್ ತೆಗೆದು ಫೋಮ್ ಗೂಡನ್ನು, ಅಂದರೆ ಕ್ಯಾಮೆರಾ, ಲೆನ್ಸ್ ಕೂರಿಸುವ ಒಳಗಿನ ಮೆತ್ತೆಯನ್ನು, ಹಿಡಿದು ಎಳೆಯಿರಿ. ಪೂರ್ತಿ ಹೊರಗೆ ಬಂದರೆ ಮುಂದಿನ ಮಾತು. ಬರದಿದ್ದರೆ, ಎಷ್ಟೇ ದೊಡ್ಡ ಹೆಸರಿನ ಕಂಪನಿಯದಾದರೂ ಕೊಡಗಿಗೆ ಬೇಡ ಮಾರಾಯ್ರೆ. ಹೊಲಿದ ಫೋಮ್ ಜುಲೈಯಲ್ಲಿ ಒದ್ದೆಯಾದರೆ ಬಿಸಿಲು ಬರುವವರೆಗೆ ಒಣಗುವುದಿಲ್ಲ. ಹೊರಗೆ ಬರುವ ಗೂಡನ್ನಾದರೆ ಬಚ್ಚಲ ಒಲೆಯ ಹತ್ತಿರ ನೇತುಹಾಕಬಹುದು. ಒಲೆಯಿಲ್ಲದ ಮನೆಯಲ್ಲಿ ಹೇರ್ ಡ್ರೈಯರ್ ಹಿಡಿಯಬಹುದು.

ನಾನೀಗ ಕ್ಯಾಮೆರಾ ಬ್ಯಾಗ್ ಅಂತ ಮಾರುವುದನ್ನೇ ಬಳಸುವುದಿಲ್ಲ. ಸೊಂಟಕ್ಕೆ ಪಟ್ಟಿ ಇರುವ ಸಾದಾ ಟ್ರೆಕ್ಕಿಂಗ್ ಬ್ಯಾಗ್, ಅದರೊಳಗೆ ಒಂದು ಡ್ರೈ ಬ್ಯಾಗ್, ಡ್ರೈ ಬ್ಯಾಗಿನೊಳಗೆ ಬಿಡಿಯಾಗಿ ಸಿಗುವ ಫೋಮ್ ಗೂಡು. ಹೊರಗಿನ ಬ್ಯಾಗ್ ನೆನೆದು ತೊಪ್ಪೆಯಾದರೂ ಚಿಂತೆಯಿಲ್ಲ, ತಂತಿಗೆ ಹಾಕಿದರಾಯಿತು. ಮೂರೂ ಸೇರಿ ನಿಮ್ಮ ಬಜೆಟ್ಟಿನೊಳಗೇ ಬರುತ್ತದೆ. ಲೆನ್ಸ್ ಬದಲಿಸಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ನಿಜ. ನನಗೆ ಅದು ಅಭ್ಯಾಸವಾಗಿದೆ. ಬಸ್ಸಿನಲ್ಲಿ ಇಟ್ಟರೂ ಒಳಗೆ ಕ್ಯಾಮೆರಾ ಇದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಅದೂ ಒಳ್ಳೆಯದೇ.

ಬ್ಯಾಕ್‌ಪ್ಯಾಕಾ ಸ್ಲಿಂಗಾ ಅನ್ನುವುದು ನನಗೆ ಅಷ್ಟು ದೊಡ್ಡ ಪ್ರಶ್ನೆ ಅಲ್ಲ. ರಾಜಾಸೀಟು, ಸಂತೆ, ಊರೊಳಗಿನ ಓಡಾಟಕ್ಕೆ ಬಾಡಿ ಮತ್ತು ಒಂದು ಚಿಕ್ಕ ಲೆನ್ಸ್ ಇದ್ದರೆ ಸ್ಲಿಂಗ್ ಆರಾಮ. ತಡಿಯಂಡಮೋಳ್ ಹತ್ತುವಾಗ ಅದೇ ಸ್ಲಿಂಗ್ ಪ್ರತಿ ಹೆಜ್ಜೆಗೂ ಮುಂದಕ್ಕೆ ತೂಗಿ ಬರುತ್ತದೆ, ಒಂದು ಹೆಗಲು ಸೋತುಹೋಗುತ್ತದೆ. 1,748 ಮೀಟರ್ ಎತ್ತರದ ಬೆಟ್ಟ, ಕೊನೆಯ ಏರು ಕಡಿದು. ಅಲ್ಲಿಗೆ ಸೊಂಟದ ಪಟ್ಟಿ ಇರುವ ಬ್ಯಾಕ್‌ಪ್ಯಾಕೇ ಬೇಕು. ಕ್ಯಾಮೆರಾ ಬ್ಯಾಕ್‌ಪ್ಯಾಕೇ ಬೇಕು ಅನ್ನುವುದಾದರೆ ಬೆನ್ನಿನ ಕಡೆಯಿಂದ ತೆರೆಯುವಂಥದ್ದು ನೋಡಿ. ಕೆಸರಿನಲ್ಲಿ ಇಟ್ಟರೆ ಮುಂಭಾಗ ಕೊಳೆಯಾಗುತ್ತದೆ, ನಿಮ್ಮ ಬೆನ್ನಿಗೆ ತಾಗುವ ಭಾಗ ಮೇಲಿರುತ್ತದೆ. ಆದರೂ ಮಳೆಗಾಲದಲ್ಲಿ ತರಗೆಲೆಯ ಮೇಲೆ ಇಡಬೇಡಿ. ಇಂಬಳ ಪಟ್ಟಿ ಹಿಡಿದು ಹತ್ತಿ ಬ್ಯಾಗಿನೊಳಗೆ ಸೇರುತ್ತದೆ, ಮನೆಗೆ ಬಂದ ಮೇಲೆ ನಿಮ್ಮ ಕಾಲಿಗೆ ಹತ್ತುತ್ತದೆ. ಕೊಂಬೆಗೆ ತೂಗುಹಾಕಿ. ಅದಕ್ಕೆ ಮೇಲಿನ ಹಿಡಿ ಗಟ್ಟಿ ಇದೆಯಾ ಅಂತಲೂ ಕೊಳ್ಳುವಾಗಲೇ ಎಳೆದು ನೋಡಿ.

ಬಟ್ಟೆಯ ಒಳಗಿನ ಲೇಪದ ಬಗ್ಗೆ ಒಂದು ಮಾತು. ಹೆಚ್ಚಿನ ಬ್ಯಾಗುಗಳಲ್ಲಿ ಅದು ಪಾಲಿಯುರೆಥೇನ್. ತೇವದ ಜಾಗದಲ್ಲಿ ಮಡಿಸಿಟ್ಟರೆ ಕೆಲವು ವರ್ಷಕ್ಕೆ ಅಂಟಂಟಾಗಿ ಸಿಪ್ಪೆ ಏಳುತ್ತದೆ. ನನ್ನ ಆ ದೊಡ್ಡ ಬ್ಯಾಗಿಗೂ ಹಾಗೇ ಆಯಿತು. ಇಲ್ಲಿ ಬ್ಯಾಗಿಗೆ ಹತ್ತು ಹದಿನೈದು ಸಾವಿರ ಹಾಕುವುದು ದಂಡ ಅನ್ನುವುದು ಇದಕ್ಕೇ.

ಉಳಿದ ದುಡ್ಡನ್ನು ಕ್ಯಾಮೆರಾ ಮನೆಯಲ್ಲಿ ಇರುವ ಜಾಗಕ್ಕೆ ಹಾಕಿ. ಬ್ಯಾಗ್ ಹೊತ್ತುಕೊಂಡು ಹೋಗುವುದಕ್ಕೆ ಮಾತ್ರ. ರಾತ್ರಿ ಕ್ಯಾಮೆರಾ ಅದರಲ್ಲಿ ಮಲಗಬಾರದು. ಆಗುವುದಾದರೆ ಡ್ರೈ ಕ್ಯಾಬಿನೆಟ್, ಅಂದರೆ ಒಳಗಿನ ತೇವ ತೆಗೆಯುವ ಕರೆಂಟಿನ ಕಪಾಟು ತಗೊಳ್ಳಿ, ತೇವವನ್ನು ಶೇ 40ರಿಂದ 50ಕ್ಕೆ ಇಡಿ. ಕರೆಂಟು ಹೋದರೂ ಬಾಗಿಲು ತೆರೆಯದಿದ್ದರೆ ಸ್ವಲ್ಪ ಕಾಲ ತಡೆಯುತ್ತದೆ. ಇಲ್ಲದಿದ್ದರೆ ರಬ್ಬರ್ ಅಂಚಿನ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬ, ತೇವ ಹೀರುವ ಸಿಲಿಕಾ ಜೆಲ್ ಹರಳು, ತೇವ ತೋರಿಸುವ ಸಣ್ಣ ಮೀಟರ್ ಸಾಕು. ನಾನು ಬಹಳ ಕಾಲ ಅದರಲ್ಲೇ ನಡೆಸಿದೆ. ಜೆಲ್ ನೀರು ಹೀರಿ ಬಣ್ಣ ಬದಲಾದರೆ ಬಿಸಾಡಬೇಡಿ. ಓವನ್ನಿನಲ್ಲಿ 110-120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಒಣಗುತ್ತದೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆ ಮಾಡುವ ಓವನ್ನಿಗೆ, ಪಾತ್ರೆಗೆ ಹಾಕಬೇಡಿ. ಕಿತ್ತಳೆ ಬಣ್ಣದ್ದು ಸಿಕ್ಕಿದರೆ ಅದನ್ನೇ ತಗೊಳ್ಳಿ. ಅಕ್ಕಿ ಡಬ್ಬದಲ್ಲಿ ಇಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮಳೆಗಾಲದ ಅಕ್ಕಿಯೇ ತೇವವಾಗಿರುತ್ತದೆ, ಅದರ ಹುಡಿ ಲೆನ್ಸಿನ ಸಂದಿಗೆ ಹೋಗುತ್ತದೆ. ಹಳೇ ಸ್ಟುಡಿಯೋದವರು ಕಪಾಟಿನಲ್ಲಿ ಬಲ್ಬ್ ಉರಿಸಿಡುತ್ತಿದ್ದರು. ಅದು ಒಳ್ಳೆಯ ಉಪಾಯವೇ, ಆದರೆ ಬಿಸಿಯಾಗುವ ಹಳೇ ಬಲ್ಬ್ ಆಗಬೇಕು. ಎಲ್ಇಡಿಯಲ್ಲಿ ಅಷ್ಟು ಶಾಖ ಬರುವುದಿಲ್ಲ.

ಮಾಂದಲ್‌ಪಟ್ಟಿ ಬೆಟ್ಟದ ಚಳಿಯಿಂದ ಬಂದವರು ಅಡುಗೆಮನೆಯ ಬೆಚ್ಚನೆ ಹವೆಯಲ್ಲಿ ಕೂಡಲೇ ಕ್ಯಾಮೆರಾ ತೆಗೆದರೆ ಲೆನ್ಸ್ ಮೇಲೆ ಹಬೆ ಕೂರುತ್ತದೆ. ಡ್ರೈ ಬ್ಯಾಗ್ ಮುಚ್ಚಿಕೊಂಡೇ ಅರ್ಧ ಗಂಟೆ ಇರಲಿ. ಆಮೇಲೆ ತೆಗೆದು ಒಣಬಟ್ಟೆಯಲ್ಲಿ ಒರೆಸಿ ಡಬ್ಬಕ್ಕೆ ಹಾಕಿ, ಆ ದಿನ ಬಳಸದ ಲೆನ್ಸನ್ನೂ ಸೇರಿಸಿ. ಫೋಮ್ ಗೂಡು ಒಲೆಯ ಹತ್ತಿರ. ಊಟ ಆಮೇಲೆ.

ನಿಮ್ಮ ಎರಡು ಲೆನ್ಸ್ ಯಾವುವು ಅಂತ ನೀವು ಬರೆದಿಲ್ಲ. ಹೆಸರು ಹಾಕಿ, ಎಷ್ಟು ಲೀಟರಿನ ಡ್ರೈ ಬ್ಯಾಗ್ ಮತ್ತು ಯಾವ ಅಳತೆಯ ಗೂಡು ಸರಿಹೋಗುತ್ತದೆ ಅಂತ ಹೇಳುತ್ತೇನೆ. ಜೂನ್ ಮೊದಲ ವಾರದೊಳಗೆ ತಗೊಂಡುಬಿಡಿ.