ವಾಹನ ಪ್ರಶ್ನೋತ್ತರ: ಕ್ಯಾಟಲಿಟಿಕ್ ಕನ್ವರ್ಟರ್ ಕೈಕೊಟ್ಟಾಗ

ಪ್ರಶ್ನೆ: ನನ್ನ ಪೆಟ್ರೋಲ್ ಕಾರು 2013ರದ್ದು, 1,90,000 ಕಿ.ಮೀ. ಓಡಿದೆ. ಎಂಜಿನ್ ಲೈಟ್ ಹತ್ತಿಕೊಂಡಿದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ, ಪಿ 0420 ಕೋಡ್ ಬಂದಿದೆ, ಕನ್ವರ್ಟರ್ ಹೋಗಿದೆ, ಬದಲಿಸಿ ಎಂದರು. ಓಡಿಸುವಾಗ ನನಗೇನೂ ವ್ಯತ್ಯಾಸ ಗೊತ್ತಾಗುತ್ತಿಲ್ಲ. ಬದಲಿಸಲೇಬೇಕೆ?
– ಓದುಗರು, ಸುಂಟಿಕೊಪ್ಪ

ಉತ್ತರ: ಸ್ವಲ್ಪ ತಡೆಯಿರಿ, ಈಗಲೇ ಆರ್ಡರ್ ಕೊಡಬೇಡಿ. ಕ್ಯಾಟಲಿಟಿಕ್ ಕನ್ವರ್ಟರ್ ಎಂದರೆ ಹೊಗೆ ಪೈಪಿನಲ್ಲಿ ಕೂತು ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಡಬ್ಬಿ. ಕನ್ವರ್ಟರಿನ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಮುಂದಿನದು 0.1ರಿಂದ 0.9 ವೋಲ್ಟ್ ನಡುವೆ ಬಿಡದೆ ಏರಿಳಿಯುತ್ತದೆ. ಕನ್ವರ್ಟರ್ ಸರಿಯಾಗಿದ್ದರೆ ಹೊಗೆಯಲ್ಲಿನ ಆಮ್ಲಜನಕವನ್ನು ಹಿಡಿದಿಟ್ಟು ಬಿಡುತ್ತಿರುತ್ತದೆ. ಹಾಗಾಗಿ ಹಿಂದಿನ ಸೆನ್ಸರ್ 0.6–0.7 ವೋಲ್ಟ್ ಹತ್ತಿರ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಹಿಂದಿನದೂ ಮುಂದಿನದರ ಹಾಗೆ ಏರಿಳಿಯತೊಡಗಿದರೆ ಕಂಪ್ಯೂಟರ್ ಈ ಕೋಡ್ ಹಾಕುತ್ತದೆ. ಕನ್ವರ್ಟರ್ ಸೋತಿದ್ದರೆ ಹೀಗಾಗುತ್ತದೆ, ನಿಜ. ಆದರೆ ಪೈಪಿನಲ್ಲಿ ಲೀಕ್ ಇದ್ದರೂ, ಸೆನ್ಸರ್ ಕೆಟ್ಟಿದ್ದರೂ ಇದೇ ಕೋಡ್ ಬರಬಹುದು.

ಕಾರನ್ನು ಇಪ್ಪತ್ತು ನಿಮಿಷ ಓಡಿಸಿ ಚೆನ್ನಾಗಿ ಬಿಸಿ ಮಾಡಿ. ಕನ್ವರ್ಟರ್ ಕೆಲಸ ಶುರು ಮಾಡುವುದೇ ಸುಮಾರು 250–300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ತಣ್ಣಗಿರುವಾಗ ನೋಡಿದರೆ ಒಳ್ಳೆಯ ಕನ್ವರ್ಟರೂ ಕೆಟ್ಟದ್ದರಂತೆ ಕಾಣುತ್ತದೆ. ಆಮೇಲೆ 2,500 ಆರ್‌ಪಿಎಂನಲ್ಲಿ ಎರಡು ಮೂರು ನಿಮಿಷ ಹಿಡಿದು, ಹಿಂದಿನ ಸೆನ್ಸರಿನ ಗ್ರಾಫನ್ನು ಸ್ಕ್ಯಾನರಿನಲ್ಲಿ ನೋಡಲು ಹೇಳಿ. ಕೆಲವು ಕಾರುಗಳಲ್ಲಿ ಮುಂದಿರುವುದು ಏರ್-ಫ್ಯೂಯಲ್ ಸೆನ್ಸರ್. ಅದರ ವೋಲ್ಟೇಜು ಬೇರೆ ರೀತಿ ಬರುವುದರಿಂದ ಎರಡನ್ನೂ ಹೋಲಿಸಲು ಹೋಗಬೇಡಿ.

ಲೀಕ್ ಹುಡುಕಲು ಎಂಜಿನ್ ತಣ್ಣಗಿರುವಾಗಲೇ ಶುರು ಮಾಡಿ, ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆಯನ್ನು ಕೆಲವೇ ಸೆಕೆಂಡು ಒತ್ತಿ ಹಿಡಿಯಬೇಕು. ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಬರುವ ಕವಲು ಪೈಪು) ಗ್ಯಾಸ್ಕೆಟ್, ಜಾಲರಿ ಸುತ್ತಿದ ಬಾಗುವ ಪೈಪು, ಪೈಪುಗಳ ಅಂಚುಪಟ್ಟಿ (ಫ್ಲಾಂಜ್) ಕೂಡುವ ಕಡೆ ಟುಸ್ ಟುಸ್ ಎನ್ನುವುದು ಕೇಳುತ್ತದೆ; ಲೀಕ್ ಹಳೆಯದಾದರೆ ಅಲ್ಲಿ ಕಪ್ಪು ಮಸಿಯೂ ಇರುತ್ತದೆ. ಈ ಕೆಲಸವನ್ನು ಬಯಲಿನಲ್ಲೇ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ. ತೋಟದ ಮನೆಗಳಲ್ಲಿ ಇಲಿ ಕಾಟ ಹೆಚ್ಚು, ಆದ್ದರಿಂದ ಸೆನ್ಸರಿನ ವೈರುಗಳನ್ನೂ ಉದ್ದಕ್ಕೂ ಕೈಯಾಡಿಸಿ ನೋಡಿ.

ಇಷ್ಟೆಲ್ಲ ಸರಿಯಿದ್ದು ಕನ್ವರ್ಟರೇ ಸೋತಿದೆ ಎಂದಾದರೆ, ಅದನ್ನು ಕೆಡಿಸಿದ್ದು ಯಾವುದು ಎಂದು ಗೊತ್ತಾಗುವ ತನಕ ಹೊಸದನ್ನು ಹಾಕಿಸಲೇಬೇಡಿ. ನಾವು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕನ್ವರ್ಟರ್ ತಾನಾಗಿ ಸವೆಯುವುದು ಕಡಿಮೆ, ಹೆಚ್ಚಾಗಿ ಎಂಜಿನ್ನೇ ಅದನ್ನು ಹಾಳು ಮಾಡಿರುತ್ತದೆ. ಆ ದೋಷ ಹಾಗೇ ಉಳಿದರೆ ಹೊಸದಕ್ಕೂ ಅದೇ ಗತಿ.

ಎರಡು ಲಕ್ಷ ಕಿ.ಮೀ. ಸಮೀಪಿಸಿದ ಎಂಜಿನ್ನಿನಲ್ಲಿ ಮೊದಲ ಅನುಮಾನ ಆಯಿಲ್ ಮೇಲೆ. ಎಂಜಿನ್ ಆಯಿಲಿನಲ್ಲಿ ಸವೆತ ತಡೆಯಲು ಬೆರೆಸುವ ರಂಜಕ ಮತ್ತು ಸತು, ಆಯಿಲ್ ಸುಟ್ಟಾಗ ಕನ್ವರ್ಟರಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪದ ಮೇಲೆ ಪದರವಾಗಿ ಕೂರುತ್ತವೆ. ಹೊಗೆ ಲೋಹವನ್ನು ಮುಟ್ಟುವುದೇ ಇಲ್ಲ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗೆ ಆಯಿಲ್ ತುಂಬಿಸಿ, 1,000 ಕಿ.ಮೀ. ಓಡಿಸಿ, ಮತ್ತೆ ಗೆರೆ ಮುಟ್ಟಲು ಎಷ್ಟು ಬೇಕಾಯಿತೆಂದು ಅಳೆಯಿರಿ. ಅರ್ಧ ಲೀಟರ್ ಮೀರಿದರೆ ಮೊದಲು ಎಂಜಿನ್ ಕೆಲಸ, ಆಮೇಲೆ ಕನ್ವರ್ಟರ್.

ಆಯಿಲ್ ಎಲ್ಲಿಂದ ಹೋಗುತ್ತಿದೆ ಎಂಬುದನ್ನು ನಮ್ಮ ಘಾಟಿ ರಸ್ತೆಯಲ್ಲೇ ಕಂಡುಕೊಳ್ಳಬಹುದು. ಮಡಿಕೇರಿಯಿಂದ ಸಂಪಾಜೆಗೆ ಗೇರಿನಲ್ಲೇ ಇಳಿದು, ಕೆಳಗೆ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಭುಸ್ಸೆಂದು ಬಂದರೆ ವಾಲ್ವ್ ಸೀಲುಗಳು ಸವೆದಿವೆ. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿರುವುದರಿಂದ ಎಳೆತ ಹೆಚ್ಚಾಗಿ ಸೀಲಿನ ಸಂದಿಯಿಂದ ಆಯಿಲ್ ಒಳಗಿಳಿಯುತ್ತದೆ. ಅದರ ಬದಲು ಹತ್ತುವಾಗ ಭಾರ ಬಿದ್ದಷ್ಟೂ ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗುಗಳನ್ನು ನೋಡಬೇಕು. ಎರಡಕ್ಕೂ ಮೊದಲು, ಎಂಜಿನ್ನಿನೊಳಗಿನ ಆವಿಯನ್ನು ಮತ್ತೆ ಉರಿಯಲು ಕಳಿಸುವ ಪಿಸಿವಿ ವಾಲ್ವ್ ಪರೀಕ್ಷಿಸಿ. ಕೆಲವೇ ನೂರು ರೂಪಾಯಿಯ ಆ ಭಾಗ ಸಿಕ್ಕಿಕೊಂಡರೂ ಆಯಿಲ್ ಹೀರಿಕೊಳ್ಳುತ್ತದೆ.

ಉಳಿದಂತೆ ಕೂಲೆಂಟ್ ಕಡಿಮೆಯಾಗುತ್ತಿದೆಯೇ ಗಮನಿಸಿ, ಹೆಡ್ ಗ್ಯಾಸ್ಕೆಟ್ ಸೋರಿದರೂ ಲೇಪ ಹಾಳಾಗುತ್ತದೆ. ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಶೇ. 10ಕ್ಕಿಂತ ಆಚೀಚೆ ಹೋಗಿದ್ದರೆ ಅದನ್ನು ಸರಿಪಡಿಸಿ.

ಪ್ರಶ್ನೆ: ತಲಕಾವೇರಿ ಏರಿನಲ್ಲಿ ಕಾರು ಎಳೆಯುವುದೇ ಇಲ್ಲ. ಸೆಕೆಂಡ್ ಗೇರಿನಲ್ಲೂ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಕನ್ವರ್ಟರ್ ಬ್ಲಾಕ್ ಆಗಿದೆ, ಒಳಗಿನದನ್ನು ಒಡೆದು ತೆಗೆದರೆ ಸರಿಹೋಗುತ್ತದೆ ಎನ್ನುತ್ತಾರೆ. ಮಾಡಿಸಬಹುದೆ?
– ಓದುಗರು, ನಾಪೋಕ್ಲು

ಉತ್ತರ: ಬ್ಲಾಕ್ ಆಗಿದೆಯೇ ಎಂದು ಮೊದಲು ಅಳೆಯಿಸಿ. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಆ ತೂತಿಗೆ ಪ್ರೆಶರ್ ಗೇಜ್ ಹಾಕುವುದೇ ನಂಬಬಹುದಾದ ಪರೀಕ್ಷೆ. ಐಡಲಿನಲ್ಲಿ (ಆಕ್ಸಿಲರೇಟರ್ ಒತ್ತದಿರುವಾಗ) ಒತ್ತಡ 1.25 ಪಿಎಸ್‌ಐ ಒಳಗಿರಬೇಕು, 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಬಾರದು.

ಎಂಜಿನ್ ಗಾಳಿ ಎಳೆಯುವ ಬಲವನ್ನು ತೋರಿಸುವ ವ್ಯಾಕ್ಯೂಮ್ ಗೇಜಿನಲ್ಲಿ ನೋಡುವವರು ಒಂದು ಮಾತು ನೆನಪಿಡಬೇಕು. ಪುಸ್ತಕದಲ್ಲಿರುವ 17–21 ಇಂಚು (ಪಾದರಸದ ಅಳತೆ) ಎಂಬ ಲೆಕ್ಕ ಸಮುದ್ರಮಟ್ಟದ್ದು. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಮಡಿಕೇರಿಯಂಥ ಎತ್ತರದ ಊರಿನಲ್ಲಿ 14–17 ಇಂಚು ಬಂದರೆ ಎಂಜಿನ್ ಸರಿಯಾಗಿಯೇ ಇದೆ. ನೋಡಬೇಕಾದದ್ದು ಮುಳ್ಳಿನ ನಡತೆಯನ್ನು. 2,500 ಆರ್‌ಪಿಎಂನಲ್ಲಿ ಹಿಡಿದಾಗ ಅದು ನಿಧಾನಕ್ಕೆ ಇಳಿಯುತ್ತಲೇ ಹೋದರೆ ಹೊಗೆಗೆ ದಾರಿಯಿಲ್ಲವೆಂದು ಅರ್ಥ.

ಬ್ಲಾಕ್ ಆಗಿದ್ದರೆ ಮಿಸ್‌ಫೈರ್ ಹುಡುಕಿ. ಒಂದು ಸಿಲಿಂಡರ್ ಕಿಡಿ ತಪ್ಪಿಸಿದರೆ ಅಲ್ಲಿ ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದು ಜೇನುಗೂಡಿನಂಥ ಸೆರಾಮಿಕ್ ಕರಗಿ ಮುದ್ದೆಯಾಗುತ್ತದೆ. ಪ್ಲಗ್ಗು, ಇಗ್ನಿಷನ್ ಕಾಯಿಲ್, ಇಂಜೆಕ್ಟರ್ ಮೂರನ್ನೂ ಪರೀಕ್ಷಿಸಿ. ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಆಗ ಆಗುತ್ತಿರುವುದು ಇದೇ. ಏರು ಹತ್ತಿಸದೆ ಗಾಡಿ ಬದಿಗೆ ಹಾಕಿ.

ಒಡೆದು ತೆಗೆಯುವುದು ಬೇಡವೇ ಬೇಡ. ಉಳಿದ ಚೂರುಗಳು ಹಿಂದಕ್ಕೆ ಹೋಗಿ ಸೈಲೆನ್ಸರ್ ಕಟ್ಟುತ್ತವೆ. ಮ್ಯಾನಿಫೋಲ್ಡಿಗೇ ಅಂಟಿಕೊಂಡ ಕನ್ವರ್ಟರ್ ಇರುವ ಕೆಲವು ಎಂಜಿನ್ನುಗಳಲ್ಲಿ ಸೆರಾಮಿಕ್ ಪುಡಿ ಸಿಲಿಂಡರಿನೊಳಕ್ಕೇ ಹಿಂದೆಳೆದು ಗೋಡೆ ಗೀರುವುದೂ ಉಂಟು. ಮೋಟಾರು ವಾಹನ ಕಾಯ್ದೆಯ 190(2) ಕಲಮಿನಡಿ ಮಾಲಿನ್ಯದ ತಪ್ಪಿಗೆ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂ.ವರೆಗೆ ದಂಡ, ಅಥವಾ ಎರಡೂ ಇದೆ. ಅದಕ್ಕಿಂತ ಹೆಚ್ಚಾಗಿ, ಆ ಕಾರ್ಬನ್ ಮಾನಾಕ್ಸೈಡ್ ಕುಡಿಯುವವರು ನಮ್ಮ ಮನೆಯವರೇ. ಹಿಂದಿನ ಸೆನ್ಸರನ್ನು ಹೊಗೆಯಿಂದ ದೂರ ಸರಿಸುವ ಸ್ಪೇಸರ್ ಹಾಕಿ ಲೈಟ್ ಆರಿಸುವುದೂ ಇದೇ ಜಾತಿಯ ಕೆಲಸ.

ಪ್ರಶ್ನೆ: ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಕನ್ವರ್ಟರ್ ಕ್ಲೀನರ್ ಪ್ರಯೋಜನವಾಗುತ್ತದೆಯೆ?
– ಓದುಗರು, ಪೊನ್ನಂಪೇಟೆ

ಉತ್ತರ: ಮೇಲ್ಮೈ ಮಸಿ ಸ್ವಲ್ಪ ಹೋಗಬಹುದು. ಅದಕ್ಕೆ ಕುಶಾಲನಗರದ ಆಚೆ ಸಮತಟ್ಟು ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೂ ಸಾಕು. ಕರಗಿದ ಸೆರಾಮಿಕ್, ರಂಜಕ ಕೂತ ಲೇಪ ಯಾವ ಬಾಟಲಿಯಿಂದಲೂ ಸರಿಹೋಗುವುದಿಲ್ಲ.

ಪ್ರಶ್ನೆ: ಕಂಪನಿಯದರ ಬೆಲೆ ಕೇಳಿ ಗಾಬರಿಯಾಯಿತು. ಹೊರಗಿನದು ಹಾಕಿಸಬಹುದೆ? ಕೂರಿಸುವಾಗ ಏನು ನೋಡಿಕೊಳ್ಳಬೇಕು?
– ಓದುಗರು, ವಿರಾಜಪೇಟೆ

ಉತ್ತರ: ಹಾಕಿಸಬಹುದು, ಆದರೆ ಬೆಲೆ ತೀರಾ ಕಡಿಮೆಯಿದ್ದರೆ ಒಳಗೆ ಅಮೂಲ್ಯ ಲೋಹವೂ ಕಡಿಮೆ ಎಂದೇ ಲೆಕ್ಕ. ಕೆಲವೇ ತಿಂಗಳಲ್ಲಿ ಕೋಡ್ ಮರಳುತ್ತದೆ. ನಿಮ್ಮ ಆರ್‌ಸಿಯಲ್ಲಿ ಬಿಎಸ್ (ಭಾರತ್ ಸ್ಟೇಜ್ ಎಂಬ ಹೊಗೆ ಮಾನದಂಡ) ಎಷ್ಟೆಂದು ನೋಡಿ, ಅದಕ್ಕೇ ಮಾಡಿದ್ದನ್ನು, ಲಿಖಿತ ವಾರಂಟಿಯೊಂದಿಗೆ ಕೊಳ್ಳಿ. ಬಿಎಸ್-4 ದೇಶದಾದ್ಯಂತ ಬಂದದ್ದು 2017ರ ಏಪ್ರಿಲ್‌ನಲ್ಲಿ, ಅದಕ್ಕೂ ಹಿಂದಿನ ಕಾರು ಬಿಎಸ್-3 ಆಗಿರಬಹುದು.

ನಮ್ಮ ಮಳೆಗೆ ನಟ್ಟುಗಳು ತುಕ್ಕು ಹಿಡಿದಿರುತ್ತವೆ. ಹಿಂದಿನ ರಾತ್ರಿಯೇ ಪೆನಿಟ್ರೇಟಿಂಗ್ ಆಯಿಲ್ ಹಾಕಿಸಿ. ಸೆನ್ಸರಿಗೆ ಸಾಮಾನ್ಯವಾಗಿ 22 ಮಿ.ಮೀ. ಸ್ಪ್ಯಾನರ್, ಪೈಪು ಉಗುರುಬೆಚ್ಚಗಿರುವಾಗ ಬಿಚ್ಚಿದರೆ ಥ್ರೆಡ್ ಉಳಿಯುತ್ತದೆ. ಗ್ಯಾಸ್ಕೆಟ್ಟು, ಸ್ಪ್ರಿಂಗ್ ಬೋಲ್ಟು ಹೊಸದೇ ಹಾಕಿ. ಗ್ಯಾಸ್ಕೆಟ್ ಜಾಗದಲ್ಲಿ ಸಾಮಾನ್ಯ ಸಿಲಿಕಾನ್ ಪೇಸ್ಟ್ ಬಳಿಯಲು ಬಿಡಬೇಡಿ, ಅದರ ಆವಿ ಸೆನ್ಸರನ್ನೂ ಹೊಸ ಲೇಪವನ್ನೂ ಕೆಡಿಸುತ್ತದೆ. ಹಳೆಯ ಕನ್ವರ್ಟರ್ ನಿಮ್ಮದು. ಒಳಗಿನ ಲೋಹದಿಂದ ಅದಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ. ಬಿಲ್ಲಿನಲ್ಲಿ ಕಳೆಯಿಸಿ, ಇಲ್ಲವೇ ಮನೆಗೆ ತನ್ನಿ.

ಪ್ರಶ್ನೆ: ತೋಟದ ದಾರಿಯಲ್ಲಿ ಓಡಾಡುವವರು ಕನ್ವರ್ಟರ್ ಉಳಿಸಿಕೊಳ್ಳಲು ಏನು ಮಾಡಬೇಕು?
– ಓದುಗರು, ಸೋಮವಾರಪೇಟೆ

ಉತ್ತರ: ಮಳೆಗಾಲದಲ್ಲಿ ಘಾಟಿ ಹತ್ತಿ ಬಂದ ಕೂಡಲೇ ತುಂಬಿದ ತೋಡಿಗೆ ಕಾರು ಇಳಿಸಬೇಡಿ. ಕಾದ ಸೆರಾಮಿಕ್ ತಣ್ಣೀರಿಗೆ ಬಿರಿಯುತ್ತದೆ, ಆಮೇಲೆ ಅಡಿಯಿಂದ ಗಲಗಲ ಸದ್ದು ಬರುತ್ತದೆ. ಕಲ್ಲಿಗೆ ಅಡಿ ತಾಗಿದ್ದರೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅದೇ ಸದ್ದು ಕೇಳಿ ನೋಡಿ. ಬೇಸಿಗೆಯಲ್ಲಿ ಸಿಲ್ವರ್ ಓಕಿನ ತರಗೆಲೆ, ಒಣಹುಲ್ಲಿನ ಮೇಲೆ ಬಿಸಿ ಕಾರು ನಿಲ್ಲಿಸಲೇಬೇಡಿ, ಕನ್ವರ್ಟರಿನ ಕಾವಿಗೇ ಬೆಂಕಿ ಹತ್ತೀತು. ಬ್ಯಾಟರಿ ಇಳಿದಾಗ ಇಳಿಜಾರಿನಲ್ಲಿ ತಳ್ಳಿ ಮತ್ತೆ ಮತ್ತೆ ಸ್ಟಾರ್ಟ್ ಮಾಡುವ ಅಭ್ಯಾಸವನ್ನೂ ಬಿಡಿ. ಎಂಜಿನ್ ಹತ್ತದೆ ಹೋದಾಗಲೆಲ್ಲ ಉರಿಯದ ಪೆಟ್ರೋಲ್ ನೇರ ಕನ್ವರ್ಟರಿಗೆ ಹೋಗುತ್ತದೆ. ಜಂಪರ್ ಕೇಬಲ್ ಒಂದನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.